ಖುಷ್ಕಿ, ತರಿ, ಖರಾಬು

ನನ್ನ ಕಸುಬು ಪತ್ರ ಬರೆಯೋದು. ಪ್ರೇಮಪತ್ರ ಅಲ್ಲ, ಕ್ರಯಪತ್ರ. ಶಿರಾದಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿ ಹತ್ತಿರ ಒಂದು ಸಣ್ಣ ಮಳಿಗೆಯಲ್ಲಿ ಕಂಪ್ಯೂಟರು, ಪ್ರಿಂಟರು ಇಟ್ಟುಕೊಂಡು ಕೂತಿದ್ದೇನೆ. ಕ್ರಯ, ದಾನ, ವಿಭಾಗ, ಭೋಗ್ಯ ಯಾವುದೇ ಇರಲಿ, ‘ಸದರಿ ಸ್ವತ್ತಿನ ಚೆಕ್ಕುಬಂದಿ’ ಅಂತ ಟೈಪ್ ಮಾಡದೆ ದಿನ ಮುಗಿಯೋದಿಲ್ಲ. ನಮ್ಮ ತಂದೆಯದೂ ಇದೇ ಕೆಲಸ. ಅವರು ಕೈಯಲ್ಲಿ ಬರೆಯುತ್ತಿದ್ದರು. ಪದಗಳನ್ನು ಅವರಿಂದಲೇ ಕಲಿತೆ, ಅವು ಎಲ್ಲಿಂದ ಬಂದವು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಣ್ಣು ತೆರೆಸಿದವರು ನಿವೃತ್ತ ಉರ್ದು ಮೇಷ್ಟ್ರೊಬ್ಬರು. ಮಗಳಿಗೆ ಜಮೀನು ದಾನಪತ್ರ ಮಾಡಿಸಲು ಬಂದಿದ್ದರು. ನಾನು ಸರ್ವೆ ನಂಬರು ತಾಳೆ ನೋಡುವಾಗ ಅವರು ಪಹಣಿ ಕೈಗೆತ್ತಿಕೊಂಡು ಓದಿ ನಗಲು ಶುರು ಮಾಡಿದರು. “ಏನ್ ಮೇಷ್ಟ್ರೇ, ಹೆಸರು ತಪ್ಪಿದೆಯಾ?” ಅಂದೆ.

“ಹೆಸರು ಸರಿಯಾಗೇ ಇದೆ ಸ್ವಾಮಿ. ಖುಷ್ಕ್ ಅಂದ್ರೆ ಒಣಗಿದ್ದು. ತರ್ ಅಂದ್ರೆ ಒದ್ದೆ. ನೀವು ಬೆಳಗಿಂದ ಸಂಜೆವರೆಗೆ ಫಾರ್ಸಿ ಬರೀತಾ ಕೂತಿದ್ದೀರಲ್ಲ!”

ನಿಜವೇ. ಪಹಣಿಯಲ್ಲಿ ಮಳೆ ನಂಬಿದ ಹೊಲ ‘ಖುಷ್ಕಿ’, ನೀರಾವರಿ ಗದ್ದೆ ‘ತರಿ’, ತೋಟ ‘ಬಾಗಾಯ್ತು’. ಮೂರೂ ಪರ್ಷಿಯನ್. ಬಾಗಾಯ್ತಿನ ‘ಬಾಗ್’ ಲಾಲ್‌ಬಾಗ್‌ನಲ್ಲಿ ಇರುವುದೇ. ಇನ್ನು ‘ಖರಾಬು’, ಅರಬ್ಬಿಯಲ್ಲಿ ಹಾಳುಬಿದ್ದದ್ದು. ಅದರಲ್ಲಿ ಎರಡು ಬಗೆ: ಬಂಡೆ, ಗುಟ್ಟೆ ಇದ್ದು ಉಳುಮೆಗೆ ಬಾರದ್ದು ‘ಅ’ ಖರಾಬು, ದಾರಿ, ಹಳ್ಳ ಅಂತ ಸಾರ್ವಜನಿಕರಿಗೆ ಬಿಟ್ಟದ್ದು ‘ಬ’ ಖರಾಬು. ಈ ‘ಬ’ ಖರಾಬನ್ನು ಮಾರಾಟದ ವಿಸ್ತೀರ್ಣಕ್ಕೆ ಸೇರಿಸಿಬಿಡಿ ಅಂತ ಬೆನ್ನು ಬೀಳುವವರು ಜಾಸ್ತಿ. ಆಗೋದಿಲ್ಲ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ.

‘ಪಹಣಿ’ ಮಾತ್ರ ಬೇರೆ ದಾರಿಯಲ್ಲಿ ಬಂದದ್ದು. ಮರಾಠಿಯಲ್ಲಿ ಪಾಹಣೆ ಅಂದರೆ ನೋಡುವುದು. ಹೊಲಕ್ಕೆ ಹೋಗಿ, ನಿಂತ ಬೆಳೆ ಕಣ್ಣಾರೆ ನೋಡಿ ಬರೆದುಕೊಂಡು ಬರೋದೇ ಪಹಣಿ. ಈಗ ಅದನ್ನು ಮೊಬೈಲಿನಲ್ಲಿ ನೋಡುತ್ತೇವೆ, ಹೊಲ ನೋಡೋದು ಕಡಿಮೆ.

ಅವತ್ತಿನಿಂದ ನನಗೊಂದು ಚಟ. ಕೈಗೆ ಸಿಕ್ಕ ಪದವನ್ನೆಲ್ಲ ಕೆದಕೋದು. ನಮ್ಮೂರಿನಲ್ಲಿ ಕೂತು ಕೆದಕಿದರೆ ಸಿಗದೆ ಇರುತ್ತದಾ? ಇಲ್ಲಿಗೆ ಬಿಜಾಪುರದ ಆದಿಲಶಾಹಿಗಳು ಬಂದರು. 1686ರಲ್ಲಿ ಬಿಜಾಪುರವೇ ಔರಂಗಜೇಬನ ಕೈಗೆ ಹೋಯಿತು. ಮರುವರ್ಷ ಮೊಗಲರು ಶಿರಾವನ್ನು ಒಂದು ಸುಬಾದ ರಾಜಧಾನಿ ಮಾಡಿದರು. ಬುದಿಹಾಳು, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಲ್ಲ ಇದರ ಪರಗಣಗಳು. ಆಮೇಲೆ ಹೈದರ್, ಟಿಪ್ಪು. ರಾಜರು ಬದಲಾದರು, ಕಂದಾಯ ಮಾತ್ರ ಎಲ್ಲರಿಗೂ ಬೇಕಿತ್ತು. ಹಾಗಾಗಿ ಲೆಕ್ಕ ಬರೆಯುವವರ ಪದಗಳು ಕದಲಲಿಲ್ಲ.

ತಹಶೀಲು ಅಂದರೆ ವಸೂಲು ಮಾಡುವುದು, ಅದನ್ನು ಮಾಡುವವನು ತಹಶೀಲ್ದಾರ. ಜಿಲ್ಲೆ ಅರಬ್ಬಿಯಲ್ಲಿ ಪಕ್ಕೆಲುಬು, ಅಲ್ಲಿಂದ ಪಕ್ಕ, ಭಾಗ. ‘ಸದರಿ’ಯ ಮೂಲ ಎದೆ, ಮುಂಭಾಗ. ರಸೀದಿ ಅಂದರೆ ಪರ್ಷಿಯನ್‌ನಲ್ಲಿ ‘ತಲುಪಿತು’, ಅಷ್ಟೇ. ದುಡ್ಡು ಬಂತು ಅಂತ ಒಪ್ಪಿಕೊಂಡ ಒಂದು ಕ್ರಿಯಾಪದ! ಶಿರಸ್ತೇದಾರರ ಹೆಸರಿನಲ್ಲಿರೋದು ಸರ್-ರಿಶ್ತಾ, ಅಂದರೆ ದಾರದ ತುದಿ. ಕಡತದ ದಾರದ ತುದಿ ಯಾರ ಕೈಯಲ್ಲಿರುತ್ತದೆ ಅಂತ ಕಚೇರಿಗೆ ಅಲೆದವರಿಗೆ ಬೇರೆ ಹೇಳಬೇಕಾಗಿಲ್ಲ. ತಕರಾರು ಅಂದರೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು. ಅಣ್ಣತಮ್ಮಂದಿರ ಭಾಗದ ತಕರಾರು ಕೇಳಿದ್ದೀರಲ್ಲ, ಇದಕ್ಕಿಂತ ಒಳ್ಳೆ ಅರ್ಥ ಯಾವ ನಿಘಂಟಿನಲ್ಲಿದೆ? ನಾನು ಮೊದಲ ಸಾಲಿನಲ್ಲಿ ಬರೆದ ‘ಕಸುಬು’ ಕೂಡ ಅರಬ್ಬಿಯೇ.

ನನಗೆ ತೀರಾ ಇಷ್ಟವಾದದ್ದು ದಫ್ತರು. ನಮ್ಮ ಕಡೆ ಹಳೇ ಕಡತಗಳ ಗಂಟಿಗೆ ದಫ್ತರು ಅನ್ನುತ್ತಾರೆ. ಕೆಂಪು ಬಟ್ಟೆಯಲ್ಲಿ ಕಟ್ಟಿ ರೆಕಾರ್ಡ್ ರೂಮಿನಲ್ಲಿ ಪೇರಿಸಿಡುತ್ತಾರಲ್ಲ, ಅದು. ಪರ್ಷಿಯನ್ ಪದ ಅಂದುಕೊಂಡರೆ ಅದಕ್ಕೂ ಹಿಂದೆ ಗ್ರೀಕ್ ಇದೆ: ಡಿಫ್ತೆರಾ, ಹದ ಮಾಡಿದ ಚರ್ಮ. ಹಿಂದೆ ಚರ್ಮದ ಮೇಲೇ ಬರೆಯುತ್ತಿದ್ದರು. ಅದೇ ಚರ್ಮದಿಂದ ಡಿಫ್ತೀರಿಯಾಕ್ಕೂ ಹೆಸರು ಬಂತು. ನಾವು ಗಂಟಲಮಾರಿ ಅನ್ನುವ ಆ ರೋಗದಲ್ಲಿ ಗಂಟಲೊಳಗೆ ಚರ್ಮದ ಥರ ಪೊರೆ ಕಟ್ಟುತ್ತದೆ. ಅಂದರೆ ತಾಲ್ಲೂಕು ಕಚೇರಿಯ ದಫ್ತರು, ಮಕ್ಕಳಿಗೆ ಲಸಿಕೆ ಹಾಕಿಸುವ ರೋಗ, ಎರಡೂ ದಾಯಾದಿಗಳು. ಕಾನೂನೂ ಹಾಗೇ. ಗ್ರೀಕರ ಕಾನೋನ್, ಅಂದರೆ ನೇರವಾದ ಅಳತೆ ಕೋಲು, ಅರಬ್ಬಿಗೆ ಹೋಗಿ ಕಾನೂನು ಆಗಿ ನಮ್ಮಲ್ಲಿಗೆ ಬಂತು. ಸರ್ವೆಯವರ ಕೈಯಲ್ಲಿ ಇರಬೇಕಾದ ಕೋಲು ವಕೀಲರ ಕೈಗೆ ಹೇಗೋ ಸೇರಿತು.

ನಮ್ಮ ಕಡೆಯ ತಾಲ್ಲೂಕುಗಳಲ್ಲಿ ಸಾಮಾನ್ಯವಾಗಿ ಒಂದು ‘ಕಸಬಾ ಹೋಬಳಿ’ ಇರುತ್ತದೆ. ಆ ಕಸಬಾ ಮತ್ತು ಅಲ್ಜೀರಿಯಾದ ರಾಜಧಾನಿಯ ಹಳೇ ಕೋಟೆ ಊರಿನ ಹೆಸರು ‘ಕಸ್ಬಾ’ ಒಂದೇ ಪದ. ಪಕ್ಕದ ‘ಹೋಬಳಿ’ ಮಾತ್ರ ಅಪ್ಪಟ ನಮ್ಮದು.

ಹಾಗಾದರೆ ಕನ್ನಡದ ಆಡಳಿತ ಪದಗಳೆಲ್ಲ ಎಲ್ಲಿ ಹೋದವು? ಹೆಚ್ಚಿನವು ನಮ್ಮ ಹೆಸರಿನ ಹಿಂದೆ ಸೇರಿಕೊಂಡಿವೆ. ಶಾಸನಗಳಲ್ಲಿ ಊರಿನ ಮುಖ್ಯಸ್ಥ ‘ಗಾವುಂಡ’, ಅವನೇ ಈಗಿನ ಗೌಡ. ‘ಪೆರ್ಗಡೆ’ ಹೆಗ್ಗಡೆಯಾಗಿ ಹೆಗಡೆ, ಹೆಗ್ಡೆ ಆದ. ಲೆಕ್ಕ ಬರೆಯುವ ‘ಸೇನಬೋವ’ ಶಾನುಭೋಗನಾದ. ಗೌಡಿಕೆ, ಶಾನುಭೋಗಿಕೆ ಎರಡನ್ನೂ ಸರ್ಕಾರ 1961ರ ಕಾಯಿದೆ ತಂದು 1963ರಲ್ಲಿ ತೆಗೆದುಹಾಕಿತು. ಹುದ್ದೆ ಹೋಯಿತು, ಹೆಸರು ಉಳಿಯಿತು. ಉಳುವವನಿಗೆ ನಮ್ಮದೇ ಮಾತು ‘ಒಕ್ಕಲಿಗ’ ಇತ್ತು. ಅದು ಜಾತಿಯ ಹೆಸರಾಯಿತು. ಉಳಿದ ಜಾಗಕ್ಕೆ ಬಂದದ್ದು ‘ರೈತ’. ಅದರ ಅರಬ್ಬಿ ಮೂಲ ರಈಯತ್, ಕಾವಲುಗಾರ ಕಾಯುವ ಮಂದೆ. ಅಲ್ಲಿಂದ ಪ್ರಜೆ, ಅಲ್ಲಿಂದ ಸಾಗುವಳಿದಾರ. ಹಸಿರು ಶಾಲು ಹಾಕಿಕೊಂಡು ಬಂದವರ ಎದುರು ಈ ಮಂದೆಯ ಕಥೆ ನಾನು ಸುಮ್ನೆ ತೆಗೆಯೋದಿಲ್ಲ. ಯಾಕೆ ಬೇಕು ಹೇಳಿ?

ಕಚೇರಿ ಕನ್ನಡ ಯಾರಿಗೂ ಅರ್ಥವಾಗಲ್ಲ ಅಂತ ಪಟ್ಟಣದ ಕಡೆಯವರು ಬೈಯುತ್ತಾರೆ. ನನ್ನ ಅನುಭವ ಬೇರೆ. ಶಾಲೆ ಮೆಟ್ಟಿಲು ಹತ್ತದ ಅಜ್ಜಿಗೂ ಖುಷ್ಕಿ ಯಾವುದು, ತರಿ ಯಾವುದು ಅಂತ ನೀರು ಕುಡಿದಷ್ಟು ಸಲೀಸು. ಅವರು ತಡವರಿಸೋದು ‘ಅಧಿಸೂಚನೆ’, ‘ಪ್ರಮಾಣೀಕೃತ ಪ್ರತಿ’ ಅಂದಾಗ. ‘ನಕಲು ಅಜ್ಜಿ, ನಕಲು’ ಅಂದರೆ ತಲೆ ಆಡಿಸುತ್ತಾರೆ.

ಮೊನ್ನೆ ಒಬ್ಬ ಹುಡುಗ ಬಂದಿದ್ದ, ಕನ್ನಡದ ಬಗ್ಗೆ ತುಂಬ ಅಭಿಮಾನದವನು. “ಮ್ಯುಟೇಶನ್ ಅಂತ ಯಾಕೆ ಬರೀತೀರಣ್ಣ? ಅಚ್ಚಗನ್ನಡದಲ್ಲಿ ಹಕ್ಕು ಬದಲಾವಣೆ ಅಂತ ಹಾಕಿ” ಅಂದ. ಹಾಕಿದೆ, ಅದು ಚೆನ್ನಾಗೂ ಇದೆ. ಪ್ರಿಂಟ್ ಬರುವಷ್ಟರಲ್ಲಿ ತಡೆಯಲಾರದೆ ಹೇಳಿಯೂಬಿಟ್ಟೆ: ಹಕ್ಕು ಅರಬ್ಬಿಯ ‘ಹಕ್’, ಬದಲಾವಣೆಯ ಬದಲು ಅರಬ್ಬಿಯ ‘ಬದಲ್’. ಅವನು ಸ್ವಲ್ಪ ಯೋಚಿಸಿ, “ಹೋಗ್ಲಿ ಬಿಡಣ್ಣ, ಫೀಸು ಎಷ್ಟಾಯ್ತು?” ಅಂದ. ಅದು ಇಂಗ್ಲಿಷ್ ಅಂತ ನಾನು ಹೇಳಲಿಲ್ಲ, ರಸೀದಿ ಬರೆದುಕೊಟ್ಟೆ.