‘ಆಯ್ತು ಮೇಡಂ’ ಅಂದವರೆಲ್ಲ ಒಪ್ಪಿದ್ದಾರೆ ಅಂದುಕೊಂಡಿದ್ದೆ

ರಾತ್ರಿ ಎಂಟೂವರೆಗೆ ನಮ್ಮ ಟೀಮಿನ ಕಾಲ್. ಸಿಯಾಟಲ್‌ನಲ್ಲಿ ಆಗ ಬೆಳಿಗ್ಗೆ ಎಂಟು, ಪೋಲೆಂಡಿನ ಕ್ರಾಕೋವ್‌ನಲ್ಲಿ ಸಂಜೆ ಐದು. ಬೆಂಗಳೂರಿನ ಬೆಳ್ಳಂದೂರು ಆಫೀಸಿಂದ ಹನ್ನೊಂದು ಜನ ನಾವು, ಲೀಡ್ ನಾನು. ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅವರಿಗೆ ಅದೇ ಎಂಟು ಗಂಟೆ, ನಮಗೆ ಮಾತ್ರ ಒಂಬತ್ತೂವರೆ. ಮಾರ್ಚ್‌ವರೆಗೂ ಅದೇ ಗತಿ. ಮೂರು ವರ್ಷ ಈ ಬದಲಾವಣೆಯನ್ನು ನಾನೇ ಗ್ರೂಪಿನಲ್ಲಿ ತಿಳಿಸಿದ್ದೆ. ‘ಎಲ್ಲರಿಗೂ ಓಕೆನಾ?’ ಅಂತ ಕೇಳಿದರೆ ಸಾಲಾಗಿ ಉತ್ತರ ಬರುತ್ತಿತ್ತು: ಓಕೆ, ಓಕೆ, ಆಯ್ತು ಮೇಡಂ. ಎಷ್ಟು ಹೊಂದಿಕೊಂಡು ಹೋಗುವ ಟೀಮು ಅಂತ ಮನಸ್ಸಿನಲ್ಲೇ ಹೆಮ್ಮೆಪಟ್ಟಿದ್ದೆ.

ಹಾಸನದ ಕಡೆಯ ಹೆಣ್ಣುಮಗಳೊಬ್ಬಳು ನಮ್ಮಲ್ಲಿದ್ದಳು. ಕೆಲಸದಲ್ಲಿ ಬಹಳ ಚುರುಕು. ಎಲ್ಲರೂ ಕ್ಯಾಮೆರಾ ಹಾಕಿಕೊಂಡಿರಬೇಕು, ಆಗಲೇ ಹತ್ತಿರವಾಗುತ್ತೇವೆ ಅಂತ ಆಗ ನಾನು ನಿಯಮ ಮಾಡಿದ್ದೆ. ಒಂದು ರಾತ್ರಿ ಅವಳ ಹಿಂದೆ ನಾಲ್ಕು ವರ್ಷದ ಮಗ ಅನ್ನ ಸಾರಿನ ತಟ್ಟೆ ಹಿಡಿದು ನಿಂತಿದ್ದ. ಅವಳು ಸಟ್ಟನೆ ಕೈಯಿಂದ ಕ್ಯಾಮೆರಾ ಮುಚ್ಚಿದಳು. ಪರದೆ ತುಂಬಾ ಅವಳ ಅಂಗೈ. ನಾನು ನೋಡಿದೆ, ಮುಂದಿನ ವಿಷಯಕ್ಕೆ ಹೋದೆ.

ಫೆಬ್ರವರಿಯಲ್ಲಿ ಅವಳು ರಾಜೀನಾಮೆ ಕೊಟ್ಟಳು. ಕೆಳಗೆ ಕಾಫಿಗೆ ಕರೆದುಕೊಂಡು ಹೋಗಿ ‘ನೀನ್ಯಾಕಮ್ಮ ಒಂದು ಸಲವೂ ಹೇಳಲಿಲ್ಲ?’ ಅಂತ ಕೇಳಿದೆ.

‘ನೀವು ಎಲ್ಲರಿಗೂ ಓಕೆನಾ ಅಂತ ಕೇಳ್ತಿದ್ರಿ ಮೇಡಂ. ಅಷ್ಟು ಜನರ ಮಧ್ಯೆ ನಾನೊಬ್ಬಳು ಇಲ್ಲ ಅನ್ನೋದು ಹೇಗೆ?’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಮೊದಲೆಲ್ಲ ಲ್ಯಾಪ್‌ಟಾಪ್ ಮುಚ್ಚು ಅಮ್ಮ ಅಂತ ಹಟ ಮಾಡ್ತಿದ್ದ. ಈಗ ಹಟಾನೂ ಇಲ್ಲ. ಕಾಲ್ ಟೈಮಾದ್ರೆ ತಾನೇ ಎದ್ದು ಹೋಗಿ ರೂಮಿನ ಬಾಗಿಲು ಹಾಕ್ಕೋತಾನೆ.’

ಆ ಮಾತು ಕೇಳಿದ ಮೇಲೆ ನಾನು ಮೊದಲಿನ ಹಾಗೆ ಕೆಲಸ ಮಾಡಲಾಗಲಿಲ್ಲ. ವಾರಕ್ಕೆ 55 ಗಂಟೆ, ಅದಕ್ಕೂ ಮೇಲೆ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ, ಹೃದ್ರೋಗದಿಂದ ಸಾಯುವ ಅಪಾಯ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ. ಆಫೀಸಿನ ಎಂಟು ಗಂಟೆ, ವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಹೋಗಿಬರುವ ಎರಡೂವರೆ ಗಂಟೆ, ಅದರ ಮೇಲೆ ಈ ಕಾಲ್. ನಮ್ಮ ಹುಡುಗರ ದಿನವನ್ನು ಕಾಗದದ ಮೇಲೆ ಕೂಡಿಸಿ ನೋಡಿದ್ದೇ ಅವತ್ತು.

ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿದೆ, ಕನ್ನಡದವರ ಜೊತೆ ಕನ್ನಡದಲ್ಲೇ. ರಾಯಚೂರು ಕಡೆಯ ಒಬ್ಬ ಹುಡುಗ ಕಾಲ್‌ಗಳಲ್ಲಿ ಬಾಯಿ ಬಿಡುತ್ತಲೇ ಇರಲಿಲ್ಲ. ಆಸಕ್ತಿ ಕಡಿಮೆ ಅಂತ ಅವನ ವಾರ್ಷಿಕ ಮೌಲ್ಯಮಾಪನದಲ್ಲಿ ನಾನೇ ಬರೆದಿದ್ದೆ. ಹಿಂದಿನ ದೀಪಾವಳಿ ಹೊತ್ತಿಗೆ ನಮ್ಮ ಸಾಫ್ಟ್‌ವೇರಿನ ಒಂದು ದೊಡ್ಡ ಬಗ್ (ದೋಷ) ಗ್ರಾಹಕರವರೆಗೂ ಹೋಗಿ ಎರಡು ರಾತ್ರಿ ನಿದ್ದೆಗೆಡಿಸಿತ್ತಲ್ಲ, ಅದು ಅವನಿಗೆ ಮೊದಲೇ ಕಂಡಿತ್ತಂತೆ.

‘ನನಗ ಗೊತ್ತಿತ್ರೀ ಮೇಡಂ. ಇಂಗ್ಲಿಷಿನ್ಯಾಗ ಮನಸಿನೊಳಗ ಜೋಡ್ಸಿಕೊಳ್ಳೂದ್ರಾಗ ಮಾತು ಮುಂದ ಹೋಗಿಬಿಟ್ಟಿರ್ತದ. ಮತ್ತ ಹಿಂದಕ್ಕ ಎಳೆಯೂದು ಹ್ಯಾಂಗ್ರಿ?’

ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿದ್ದು ಕಂಡಿತು. ಕಾರಣ, ಅಲ್ಲಿಯವರು ಹೆದರದೆ ಬಾಯಿಬಿಟ್ಟು ಹೇಳುತ್ತಿದ್ದರು. ಟ್ರೈನಿಂಗಿನಲ್ಲಿ ಇದನ್ನು ಎರಡು ಸಲ ಕೇಳಿದ್ದೆ, ತಲೆಯಾಡಿಸಿದ್ದೆ. ನನ್ನ ಪಕ್ಕದ ಸೀಟಿನಲ್ಲೇ ಒಬ್ಬ ಬಾಯಿಬಿಡಲಾಗದೆ ಕೂತಿದ್ದಾನೆ ಅಂತ ಹೊಳೆದಿರಲಿಲ್ಲ. ಅವನ ಮೌಲ್ಯಮಾಪನ ತಿದ್ದಿಸಲು ಎಚ್‌ಆರ್ ಜೊತೆ ಒಂದು ತಿಂಗಳು ಗುದ್ದಾಡಿದೆ. ಮಾಡಲೇಬೇಕಾದ ಕೆಲಸ ಅದು.

ಇನ್ನೊಬ್ಬರು ಹೇಳಿದ್ದು ಬೇರೆ ಥರ. ಮನಸ್ಸಿಗೆ ಕಷ್ಟವಾದಾಗ ಆಪ್ತಸಲಹೆಗೆ ಅಂತ ಕಂಪನಿ ಒಂದು ಫೋನ್ ನಂಬರ್ ಕೊಟ್ಟಿದೆ. ಅಪ್ಪ ತೀರಿಕೊಂಡಾಗ ಇವರು ಒಂದು ಸಲ ಮಾಡಿ, ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳಿ ಇಟ್ಟುಬಿಟ್ಟರಂತೆ. ಅಪ್ಪನ ಬಗ್ಗೆ ಇಂಗ್ಲಿಷಿನಲ್ಲಿ ಅಳುವುದಕ್ಕೆ ಯಾರಿಗೆ ಬರುತ್ತೆ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, 2022ರ ಅಕ್ಟೋಬರ್‌ನಿಂದ ಇದೆ. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಸಿಗುತ್ತೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಆ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಪ್ಯಾಂಟ್ರಿಯ ಗೋಡೆಗೆ ಅಂಟಿಸಿದ್ದೇವೆ.

ಕಾಲ್ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಆರೂವರೆಗೆ ಇಡೋಣ ಅಂದರೆ ಕ್ರಾಕೋವ್‌ನಲ್ಲಿ ನಡುರಾತ್ರಿ ಕಳೆದಿರುತ್ತೆ. ಮೂರೂ ಊರಿಗೆ ಹಗಲಾಗುವ ಹೊತ್ತೇ ಇಲ್ಲ. ಹಾಗಾಗಿ ಒಂದು ದೊಡ್ಡ ಕಾಲನ್ನು ಎರಡು ಮಾಡಿದೆವು. ನಮಗೂ ಕ್ರಾಕೋವ್‌ಗೂ ಮಧ್ಯಾಹ್ನ. ಸಿಯಾಟಲ್ ಜೊತೆ ವಾರಕ್ಕೆ ಒಂದೇ ದಿನ, ಅದೂ ಮೂರು ತಿಂಗಳು ನಮ್ಮ ರಾತ್ರಿಗೆ, ಮೂರು ತಿಂಗಳು ಅವರ ಸಂಜೆಗೆ. ತೀರ್ಮಾನ ಆಗಬೇಕಾದ್ದನ್ನೆಲ್ಲ ಹಿಂದಿನ ದಿನವೇ ಬರೆದು ಹಾಕಬೇಕು, ಯಾರು ಬೇಕಾದರೂ ಅದರ ಪಕ್ಕದಲ್ಲಿ ಬರೆಯಬಹುದು. ಸಿಯಾಟಲ್‌ನ ಮ್ಯಾನೇಜರ್‌ಗೆ ಮೊದಲು ಇಷ್ಟವಾಗಲಿಲ್ಲ. ಒಂದೊಂದು ತೀರ್ಮಾನಕ್ಕೂ ಒಂದು ದಿನ ಹೆಚ್ಚು ಹಿಡಿಯುತ್ತೆ ಅಂದರು. ಹಿಡಿಯುತ್ತೆ, ನಿಜ. ಕ್ಯಾಮೆರಾ ನಿಯಮವನ್ನು ನಾನೇ ತೆಗೆದೆ.

ಹಬ್ಬದ ದಿನ ಸೀರೆ, ಪಂಚೆ, ರಂಗೋಲಿ ನಮ್ಮಲ್ಲೂ ಉಂಟು, ನನಗೂ ಇಷ್ಟ. ಆದರೆ ನಾವೂ ಕ್ರಾಕೋವ್‌ನವರೂ ನಿಜವಾಗಿ ಹತ್ತಿರವಾಗಿದ್ದು ಬೇರೆ ಕಾರಣಕ್ಕೆ. ಒಂದು ವರ್ಷ ನವೆಂಬರ್ 1ಕ್ಕೆ ಸಾಫ್ಟ್‌ವೇರಿನ ರಿಲೀಸ್ (ಬಿಡುಗಡೆ) ಇಟ್ಟಿದ್ದರು. ನಮಗೆ ಅವತ್ತು ರಾಜ್ಯೋತ್ಸವ. ನಾವು ಎಂದಿನಂತೆ ಆಯ್ತು ಅಂದೆವು, ಕ್ರಾಕೋವ್‌ನವರೂ ಆಯ್ತು ಅಂದರು. ಮರುವರ್ಷ ಬರೆದು ಹಾಕುವ ಪದ್ಧತಿ ಶುರುವಾದ ಮೇಲೆ ಅಲ್ಲಿಯ ಒಬ್ಬಾಕೆ ಬರೆದರು: ಪೋಲೆಂಡಿನಲ್ಲೂ ಆ ದಿನ ರಜೆ, ಊರಿಗೆ ಊರೇ ಸ್ಮಶಾನಕ್ಕೆ ಹೋಗಿ ತೀರಿಕೊಂಡವರ ಸಮಾಧಿಯ ಮೇಲೆ ದೀಪ ಹಚ್ಚುತ್ತದೆ, ಹೋದ ವರ್ಷ ಅಮ್ಮನ ಸಮಾಧಿಗೆ ದೀಪ ಇಡಲು ನನಗೆ ಆಗಲಿಲ್ಲ. ನಮ್ಮವರೊಬ್ಬರು ಮಹಾಲಯ ಅಮಾವಾಸ್ಯೆಗೆ ನಾವು ಹಿರಿಯರಿಗೆ ಎಡೆ ಇಡುವುದನ್ನು ಬರೆದರು. ಆಕೆ ಸಾಯಂಕಾಲದ ಫೋಟೋ ಕಳಿಸಿದರು, ಗುಡ್ಡದ ತುಂಬಾ ಕೆಂಪು ಗಾಜಿನೊಳಗಿನ ಸಣ್ಣ ಸಣ್ಣ ದೀಪ. ರಿಲೀಸ್ ನಾಲ್ಕನೇ ತಾರೀಖಿಗೆ ಹೋಯಿತು.

ಹಾಸನದ ಹುಡುಗಿ ತಿರುಗಿ ಬರಲಿಲ್ಲ. ಬೇರೆ ಕಡೆ ಸೇರಿದ್ದಾಳೆ, ಚೆನ್ನಾಗಿದ್ದಾಳೆ. ಅವಳನ್ನು ಕಳೆದುಕೊಂಡದ್ದು ನನ್ನಿಂದ ಅನ್ನೋದು ಇನ್ನೂ ಚುಚ್ಚುತ್ತೆ.

ಕಳೆದ ಅಕ್ಟೋಬರ್ ಕೊನೆಯಲ್ಲಿ ರಾಯಚೂರಿನ ಹುಡುಗ ಎಲ್ಲರೂ ನೋಡುವ ಕಡೆ, ಇಂಗ್ಲಿಷಿನಲ್ಲೇ, ಮೂರು ಸಾಲು ಬರೆದಿದ್ದ. ಕ್ರಾಕೋವ್‌ನ ಗಡಿಯಾರ ಈ ಭಾನುವಾರ ಹಿಂದಕ್ಕೆ ಹೋಗುತ್ತೆ, ಸಿಯಾಟಲ್‌ನದು ಮುಂದಿನ ಭಾನುವಾರ. ಕಾಲ್ ಎಷ್ಟು ಹೊತ್ತಿಗೆ ಅಂತ ಈಗಲೇ ಮಾತಾಡಿಕೊಳ್ಳೋಣ. ನನಗೆ ಒಂಬತ್ತೂವರೆ ಆಗುವುದಿಲ್ಲ.