ಮೀಟರ್ 214, ಲ್ಯಾಬ್ 171: ಮೂರು ಕಾಯಿಲೆಯ ಬೆಕ್ಕಿನ ಶುಗರ್ ದಾಖಲೆ

ಎರಡು ತಿಂಗಳಿಂದ ತಲೆ ತಿನ್ನುತ್ತಿದ್ದ ಗಂಟು ಈ ವಾರ ಬಿಚ್ಚಿಕೊಂಡಿತು. ತಪ್ಪು ಇನ್ಸುಲಿನ್‌ದಲ್ಲ, ಊಟದ್ದಲ್ಲ, ಕದ್ದು ತಿನ್ನುತ್ತಾನೆಂದು ಸುಮ್ಮಸುಮ್ಮನೆ ಅಪವಾದ ಹೊತ್ತಿದ್ದ ಬೆಕ್ಕಣ್ಣನದಂತೂ ಅಲ್ಲವೇ ಅಲ್ಲ. ರಕ್ತ ತೆಳ್ಳಗಾಗಿತ್ತು, ಅದನ್ನು ನೋಡಿ ಮೀಟರ್ ಮೋಸ ಹೋಗಿತ್ತು, ಮೀಟರನ್ನು ನಂಬಿ ಡೋಸ್ ಮೇಲೇರಿತ್ತು.

ಸದ್ಯದ ಸ್ಥಿತಿ ಚುಟುಕಾಗಿ: ವಯಸ್ಸು 13, ತೂಕ 4.1 ಕೆ.ಜಿ. ಮಧುಮೇಹಕ್ಕೆ ಗ್ಲಾರ್ಜಿನ್ ಇನ್ಸುಲಿನ್, ಯು-100 (ಮಿ.ಲೀ.ಗೆ 100 ಯೂನಿಟ್), 12 ಗಂಟೆಗೊಮ್ಮೆ. ಥೈರಾಯ್ಡ್ ಹೆಚ್ಚಿರುವುದಕ್ಕೆ ಮೆಥಿಮಜೋಲ್ 2.5 ಮಿ.ಗ್ರಾಂ, ದಿನಕ್ಕೆರಡು ಸಲ. ಕಿಡ್ನಿ ಕಾಯಿಲೆ ಐರಿಸ್ ಲೆಕ್ಕದಲ್ಲಿ (ಪಶುವೈದ್ಯರು ಹಂತ ಗುರುತಿಸುವ ಅಳತೆ) 3ನೇ ಹಂತ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ 3.2. ಚುಚ್ಚುವುದು, ಕಿವಿಯಂಚಿನಿಂದ ಹನಿ ತೆಗೆಯುವುದು, ಎರಡು ಗಂಟೆಗೊಮ್ಮೆ ಅಳೆದು ಶುಗರ್ ಏರಿಳಿತದ ಕರ್ವ್ ಬರೆಯುವುದು, ಇದನ್ನೆಲ್ಲ ಇಲ್ಲಿ ಓದುವವರು ನಿದ್ದೆಗಣ್ಣಲ್ಲೂ ಮಾಡುತ್ತೀರಿ. ಅದನ್ನು ಬಿಟ್ಟು ನೇರ ಗಂಟಿಗೆ ಬರೋಣ.

2 ಯೂನಿಟ್‌ನಲ್ಲಿ ಚುಚ್ಚುವ ಮೊದಲು 330, ಆರನೇ ಗಂಟೆಯ ತಳ, ಅಂದರೆ ಅತಿ ಕಡಿಮೆ ಅಂಕಿ, 190 (ಇಲ್ಲಿನ ಶುಗರ್ ಅಂಕಿಗಳೆಲ್ಲ ಡೆಸಿಲೀಟರಿಗೆ ಮಿಲಿಗ್ರಾಂ). ತಳ 80ರಿಂದ 150ರೊಳಗೆ ಬರಲಿ ಎಂಬ ಮಾಮೂಲು ಗುರಿ ಹಿಡಿದು, ವೈದ್ಯರನ್ನು ಕೇಳಿ, 2 ಹೋಗಿ 2.5 ಆಯಿತು, ಆಮೇಲೆ 3. ಅಂಕಿ ಇಳಿಯಲು ಮೀನಮೇಷ ಎಣಿಸುತ್ತಿತ್ತು. ಆದರೆ ಬೆಕ್ಕಿನ ನಡವಳಿಕೆಗೂ ಕರ್ವ್‌ಗೂ ತಾಳಮೇಳವೇ ಇರಲಿಲ್ಲ. ಚುಚ್ಚಿದ ನಾಲ್ಕೈದು ಗಂಟೆಗೆ ತಟ್ಟೆ ಸವೆಯುವಂತೆ ನೆಕ್ಕುವ ಹಸಿವು. 3ಕ್ಕೆ ಏರಿಸಿದ ಐದನೇ ದಿನ ಹಿಂಗಾಲು ತೂರಾಟ. ಆಗ ಮೀಟರ್ ತೋರಿಸಿದ್ದು 74. ಕಡಿಮೆಯೇ, ಆದರೆ ತೂರಾಡುವಷ್ಟು ಕಡಿಮೆಯಲ್ಲ. ಒಸಡಿಗೆ ಸಕ್ಕರೆ ಪಾಕ ಸವರಿದ ಹತ್ತೇ ನಿಮಿಷಕ್ಕೆ ನಡಿಗೆ ಸರಿಹೋಯಿತೆಂದರೆ, ಒಳಗಿನ ನಿಜವಾದ ಅಂಕಿ 60ಕ್ಕಿಂತ ಕೆಳಗೆ ಹೋಗಿದ್ದಿರಬೇಕು.

ಸುಳಿವು ಇದಕ್ಕೂ ಮೊದಲೇ ಕಣ್ಣೆದುರಿಗಿತ್ತು. ಬೆಕ್ಕಿನ ಕಿಡ್ನಿ ಸಕ್ಕರೆಯನ್ನು ಮೂತ್ರಕ್ಕೆ ಬಿಡುವುದು ರಕ್ತದಲ್ಲಿ ಸುಮಾರು 250ರಿಂದ 290 ದಾಟಿದಾಗ. ಮೀಟರ್ ಪ್ರಕಾರ ಬೆಳಗಿನ ಶುಗರ್ ಗಂಟೆಗಟ್ಟಲೆ 300ರ ಮೇಲಿದೆ, ಮೂತ್ರದ ಪಟ್ಟಿಯಲ್ಲಿ ಮಾತ್ರ ಬಣ್ಣ ತಿರುಗಿದ್ದೂ ತಿರುಗದ್ದೂ ಒಂದೇ ಎನ್ನುವಷ್ಟು ತಿಳಿ. ಪಟ್ಟಿ ಹಳೆಯದಿರಬೇಕೆಂದು ಮೂಲೆಗೆಸೆದದ್ದೇ ದೊಡ್ಡ ತಪ್ಪು. ಅಗ್ಗದ ಸಾಕ್ಷಿಯ ಮಾತಿಗೆ ಬೆಲೆ ಇಲ್ಲ!

ಎರಡನೇ ಸುಳಿವು ಫ್ರಕ್ಟೊಸಮೈನ್. ಹಿಂದಿನ ಒಂದೆರಡು ವಾರದ ಸರಾಸರಿ ಶುಗರ್ ಹೇಳುವ ಈ ಪರೀಕ್ಷೆ ಲೀಟರಿಗೆ 320 ಮೈಕ್ರೊಮೋಲ್ ತೋರಿಸಿತು. ಅದು ಮಧುಮೇಹವೇ ಇಲ್ಲದ ಬೆಕ್ಕಿನ ಅಂಕಿ. ಇನ್ಸುಲಿನ್ ಮೇಲಿರುವ ಬೆಕ್ಕಿಗೆ ಇಷ್ಟು ಕಡಿಮೆ ಬಂದರೆ ಸಿಹಿ ಹಂಚುವಂತಿಲ್ಲ, ಡೋಸ್ ಹೆಚ್ಚಾಗಿರಬಹುದೆಂದು ಅನುಮಾನಿಸಬೇಕು. ಮೀಟರಿನ ಸರಾಸರಿಯೋ 230. ಇಬ್ಬರಲ್ಲೊಬ್ಬರು ಸುಳ್ಳು ಹೇಳುತ್ತಿದ್ದಾರೆ.

ಮೂರು ಕಾಯಿಲೆಯ ಬೆಕ್ಕಿನಲ್ಲಿ ಇಬ್ಬರಿಗೂ ನೆಪ ಸಿದ್ಧವಿರುತ್ತದೆ. ಥೈರಾಯ್ಡ್ ಹದ ತಪ್ಪಿದಾಗ ಮೈಯ ಪ್ರೊಟೀನ್ ಬೇಗ ಬೇಗ ಒಡೆದು ಹೊಸದಾಗುತ್ತದೆ, ಸಕ್ಕರೆ ಅಂಟಿಕೊಳ್ಳಲು ಪುರುಸೊತ್ತಿಲ್ಲ, ಫ್ರಕ್ಟೊಸಮೈನ್ ಸುಳ್ಳೇ ಇಳಿಯುತ್ತದೆ. ರಕ್ತದ ಮುಖ್ಯ ಪ್ರೊಟೀನ್ ಆದ ಆಲ್ಬುಮಿನ್ ಕಡಿಮೆಯಿದ್ದರೂ ಅದೇ ಕಥೆ. ಇತ್ತ ಕಿಡ್ನಿ ಸೋತಾಗ ರಕ್ತಕಣ ಹುಟ್ಟಿಸುವ ಹಾರ್ಮೋನ್ ಎರಿತ್ರೊಪೊಯೆಟಿನ್ ಸಾಲದೆ ರಕ್ತಕಣ ಕಡಿಮೆಯಾಗುತ್ತದೆ, ಆಗ ಮೀಟರ್ ಸುಳ್ಳೇ ಏರುತ್ತದೆ. ಒಂದು ಕಾಯಿಲೆ ಒಂದು ಅಂಕಿಯನ್ನು ಕೆಳಗೆ ಜಗ್ಗಿದರೆ ಇನ್ನೊಂದು ಕಾಯಿಲೆ ಇನ್ನೊಂದು ಅಂಕಿಯನ್ನು ಮೇಲೆ ಜಗ್ಗುತ್ತದೆ. ಯಾವ ನೆಪ ನಿಜವೆಂದು ತಿಳಿಯಲು ಕಡತ ತಿರುವಿದರೆ ಸಾಕಾಯಿತು: ಥೈರಾಯ್ಡ್ ಹಾರ್ಮೋನ್ ಟಿ4 ಮೂರು ತಿಂಗಳಿಂದ 2ರ ಆಸುಪಾಸು ನಿಂತಿದೆ, ಆಲ್ಬುಮಿನ್ 3.0, ಎರಡೂ ಹದದಲ್ಲೇ ಇವೆ. ಫ್ರಕ್ಟೊಸಮೈನ್ ನಿರಪರಾಧಿ. ಕಟಕಟೆಯಲ್ಲಿ ಉಳಿದದ್ದು ಮೀಟರ್.

ಮೀಟರಿನ ಒಳಗುಟ್ಟು ಇಷ್ಟು. ಸ್ಟ್ರಿಪ್‌ನ ಕಿಣ್ವಕ್ಕೆ ಸಿಗುವುದು ಪ್ಲಾಸ್ಮಾದಲ್ಲಿರುವ (ರಕ್ತದ ದ್ರವಭಾಗದಲ್ಲಿರುವ) ಸಕ್ಕರೆ. ಕೆಂಪುಕಣಗಳು ಜಾಗ ಹಿಡಿದು ದಾರಿಗೆ ಅಡ್ಡ ನಿಲ್ಲುತ್ತವೆ. ಇಂತಿಷ್ಟು ಕಣ ಅಡ್ಡ ಇರುತ್ತವೆಂದು ಲೆಕ್ಕ ಹಿಡಿದೇ ಮೀಟರ್ ಉತ್ತರ ಹೇಳುವುದು. ಕಣ ಕಡಿಮೆಯಾದರೆ ಅದೇ ಹನಿಯಲ್ಲಿ ಪ್ಲಾಸ್ಮಾ ಹೆಚ್ಚು, ಅಡ್ಡಿ ಕಡಿಮೆ, ಅಂಕಿ ಮೇಲೆ. ಪ್ರಾಣಿಗಳ ಮೀಟರಿಗೆ ಬೆಕ್ಕಿನ ಕೋಡ್ ಬೇರೆ, ನಾಯಿಯ ಕೋಡ್ ಬೇರೆ ಇರುವುದೂ ಇದಕ್ಕೇ: ಬೆಕ್ಕಿನ ರಕ್ತದಲ್ಲಿ ಸಕ್ಕರೆಯ ಶೇ. 93ರಷ್ಟು ಪ್ಲಾಸ್ಮಾದಲ್ಲಿ, ಶೇ. 7 ಮಾತ್ರ ಕಣದಲ್ಲಿ. ಮನುಷ್ಯರಲ್ಲಿ ಅದು ಶೇ. 58 ಮತ್ತು 42. ಹಾಗಾಗಿ ಮನುಷ್ಯರ ಮೀಟರ್ ಆರೋಗ್ಯವಂತ ಬೆಕ್ಕಿನಲ್ಲಿ ಕಡಿಮೆ ತೋರಿಸುತ್ತದೆ. ರಕ್ತಹೀನ ಬೆಕ್ಕಿನಲ್ಲಿ ಅದರ ಎರಡು ತಪ್ಪುಗಳು ಒಂದಕ್ಕೊಂದು ವಜಾ ಆಗಿ ಉತ್ತರ ಸರಿಬಂದಂತೆ ಕಾಣಬಹುದು. ಅದನ್ನು ನಂಬಿ ಕೂರುವುದು ನಿಂತುಹೋದ ಗಡಿಯಾರವನ್ನು ನಂಬಿದಂತೆ. ಸ್ಟ್ರಿಪ್ ಡಬ್ಬಿಯೊಳಗಿನ ಚೀಟಿಯಲ್ಲಿ ಹಿಮಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) ಮಿತಿ ಅಚ್ಚಾಗಿರುತ್ತದೆ. ಇರುವೆಗಿಂತ ಸಣ್ಣ ಅಕ್ಷರ, ಆದರೂ ಓದಿ.

ಸಾಬೀತು ಮಾಡಲು ಹೋದ ಮೊದಲ ಸಲ ಹಳ್ಳಕ್ಕೆ ಬಿದ್ದಂತಾಯಿತು. ಮೀಟರ್ 236, ಲ್ಯಾಬ್ 162. ಸಿಕ್ಕಿಬಿದ್ದ ಎಂದು ಚಪ್ಪಾಳೆ ತಟ್ಟಿದ ಮೇಲೆ ಗೊತ್ತಾಯಿತು, ರಕ್ತ ಸಾದಾ ಟ್ಯೂಬಿನಲ್ಲಿ ಮೂರು ಗಂಟೆ ಕೂತಿತ್ತು. ಟ್ಯೂಬಿನಲ್ಲೂ ಕಣಗಳು ಬದುಕಿದ್ದು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಕೋಣೆಯ ಬಿಸಿಯಲ್ಲಿ ಗಂಟೆಗೆ ಶೇ. 5ರಿಂದ 7ರಷ್ಟು ಮಾಯ. ಫ್ಲೋರೈಡ್ ಟ್ಯೂಬ್ ಇದಕ್ಕೆ ಮದ್ದು, ಆದರೆ ಅದೂ ಮೊದಲ ಒಂದು ಗಂಟೆ ಪೂರ್ತಿ ಬ್ರೇಕ್ ಹಾಕುವುದಿಲ್ಲ. ಎರಡನೇ ಸಲ ಪಟ್ಟು ಹಿಡಿದು ಮಾಡಿಸಿದ ಕ್ರಮ ಹೀಗೆ. ರಕ್ತನಾಳದಿಂದ ಎಳೆದ ಸಿರಿಂಜಿನ ಮೊದಲ ಹನಿ ನೇರ ಸ್ಟ್ರಿಪ್‌ಗೆ, ಇನ್ನೊಂದು ಹನಿ ಎರಡನೇ ಸ್ಟ್ರಿಪ್‌ಗೆ. ಉಳಿದದ್ದು ಟ್ಯೂಬಿಗೆ, ಹತ್ತು ನಿಮಿಷದೊಳಗೆ ಸೆಂಟ್ರಿಫ್ಯೂಜ್, ಪ್ಲಾಸ್ಮಾ ಬೇರ್ಪಡಿಸಿ ಯಂತ್ರಕ್ಕೆ. ಅದೇ ರಕ್ತದಿಂದ ಒಂದು ಸಣ್ಣ ಗಾಜಿನ ನಳಿಗೆ ತುಂಬಿ ಪಿಸಿವಿ, ಅಂದರೆ ಅದೇ ಕೆಂಪುಕಣಗಳ ಪಾಲು. ಕಿವಿಯ ಹನಿಯನ್ನು ಕುತ್ತಿಗೆಯ ರಕ್ತದ ಜೊತೆ ಹೋಲಿಸಿದರೆ ವಾದ ಮುಗಿಯುವುದೇ ಇಲ್ಲ. ಒಂದೇ ಸಿರಿಂಜ್ ಆಗಲೇಬೇಕು. ಆಸ್ಪತ್ರೆಯ ಗಾಬರಿಗೆ ಶುಗರ್ ಏರಿದ್ದರೂ ಚಿಂತೆಯಿಲ್ಲ, ಏರಿದ್ದು ಇಬ್ಬರಿಗೂ ಒಂದೇ.

ಫಲಿತಾಂಶ: ಮೀಟರ್ 214 ಮತ್ತು 217. ಲ್ಯಾಬ್ 171. ಪಿಸಿವಿ ಶೇ. 18, ಅಂದರೆ ತೀರ ಕಡಿಮೆ.

ಇಲ್ಲಿ ಎಲ್ಲರ ಕೈಯೂ ಕ್ಯಾಲ್ಕುಲೇಟರ್ ಹುಡುಕುತ್ತದೆ: 0.8ರಿಂದ ಗುಣಿಸಿದರಾಯಿತಲ್ಲ? ಬೇಡ. ಅದು ಒಂದು ದಿನದ, ಒಂದು ಶುಗರಿನ, ಒಂದು ಪಿಸಿವಿಯ ಅನುಪಾತ. ಶುಗರ್ ಕೆಳಗಿದ್ದಾಗ ತಪ್ಪು ಇಷ್ಟೇ ಇರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ. ಮಾಡಿದ ಬದಲಾವಣೆ ಎರಡೇ. ವೈದ್ಯರ ಒಪ್ಪಿಗೆಯಿಂದ ಡೋಸ್ 3ರಿಂದ 1.5ಕ್ಕೆ ಇಳಿಯಿತು. ಮೀಟರಿನ ಅಪಾಯದ ಗೆರೆಯನ್ನು 100ಕ್ಕೆ ಏರಿಸಿ, ಅದಕ್ಕಿಂತ ಕೆಳಗೆ ಬಂದರೆ 60 ಬಂದಂತೆಯೇ ಓಡಾಡುವುದೆಂದು ನಿಶ್ಚಯವಾಯಿತು. ಇನ್ಸುಲಿನ್ ಮೈಯಿಂದ ಹೊರಹೋಗುವುದರಲ್ಲಿ ಕಿಡ್ನಿಯದೂ ಪಾಲಿರುವುದರಿಂದ, ಕಿಡ್ನಿ ಸೋತಷ್ಟೂ ಅದೇ ಡೋಸ್ ಹೆಚ್ಚು ಹೊತ್ತು ಕೆಲಸ ಮಾಡಬಹುದು. ಇಳಿಸಲು ಅದೂ ಒಂದು ಕಾರಣ.

ನಿಜವಾದ ಬಲೆ ಮುಂದಿದೆ. ರಕ್ತಹೀನತೆಗೆ ಡಾರ್ಬೆಪೊಯೆಟಿನ್ ಶುರುವಾಗಿದೆ, ಕೆ.ಜಿ.ಗೆ 1 ಮೈಕ್ರೊಗ್ರಾಂ ವಾರಕ್ಕೊಮ್ಮೆ, ಜೊತೆಗೆ ಕಬ್ಬಿಣದ ಇಂಜೆಕ್ಷನ್. ರಕ್ತದೊತ್ತಡ ಏರಿಸುವ ಚಾಳಿ ಇದಕ್ಕಿರುವುದರಿಂದ ಬಿಪಿ ಪಟ್ಟಿಯೂ ದಿನಚರಿಗೆ ಸೇರಿತು, 160 ದಾಟದಂತೆ ಕಣ್ಣಿಡಬೇಕು. ಪಿಸಿವಿ ಏರಿದಂತೆ ಮೀಟರಿನ ತಪ್ಪು ತಾನಾಗಿ ಕುಗ್ಗುತ್ತದೆ. ಅಂದರೆ ರಕ್ತದಲ್ಲಿ ಸಕ್ಕರೆ ಒಂದು ಕಾಳೂ ಬದಲಾಗದೆ ಮೀಟರಿನ ಅಂಕಿ ವಾರವಾರ ಇಳಿಯುತ್ತದೆ. ಅದನ್ನು ಇನ್ಸುಲಿನ್ ಚುರುಕಾಯಿತೆಂದು ಓದಿದರೆ ಮತ್ತೆ ಹಳ್ಳ, ಈ ಸಲ ಆಚೆ ದಡದ್ದು. ಆದ್ದರಿಂದ ಶುಗರ್ ಹಾಳೆಯಲ್ಲಿ ಈಗ ಪಿಸಿವಿಗೊಂದು ಕಾಲಂ ಇದೆ. ಪಿಸಿವಿ ನೋಡಿದಾಗಲೆಲ್ಲ ಒಂದೇ ಸಿರಿಂಜಿನ ಹೋಲಿಕೆಯನ್ನೂ ಮಾಡಿಸುವುದು, ಗೆರೆಯನ್ನು ಅದಕ್ಕೆ ತಕ್ಕಂತೆ ಇಳಿಸುವುದು.

ಕಿವಿಯ ವಿಷಯ. ಬೆಕ್ಕಿಗಿರುವುದು ಎರಡೇ ಕಿವಿ, ಅರ್ಜಿದಾರರು ಮೂವರು. ಮಾತ್ರೆ ಉಗುಳುವ ದಿನಗಳಿಗಾಗಿ ಮೆಥಿಮಜೋಲ್ ಜೆಲ್ ಕಿವಿಯ ಒಳಮೈಗೆ, ಹಸಿವು ಸತ್ತ ದಿನ ಮಿರ್ಟಜಪೀನ್ ಮುಲಾಮೂ ಅಲ್ಲಿಗೇ, ಶುಗರಿಗೆ ಚುಚ್ಚುವುದು ಅಂಚಿಗೆ. ಜೆಲ್ ಅಂಚಿಗೆ ಹರಿದರೆ ಹನಿ ನಿಲ್ಲದೆ ಕೂದಲಿಗೆ ಹಬ್ಬಿ ಸ್ಟ್ರಿಪ್ ದಂಡ. ಈಗಿನ ಒಪ್ಪಂದ: ಎಡಗಿವಿ ಔಷಧಿಗೆ, ಬಲಗಿವಿ ಸೂಜಿಗೆ, ವಾರಕ್ಕೊಮ್ಮೆ ಅದಲುಬದಲು. ಚುಚ್ಚುವ ಜಾಗಕ್ಕೆ ವ್ಯಾಸಲಿನ್ ತೆಳ್ಳಗೆ ಸವರಿದರೆ ಹನಿ ಗುಂಡಗೆ ನಿಲ್ಲುತ್ತದೆ. ಜೆಲ್ ಹಚ್ಚುವಾಗ ಕೈಗವಸು ಮರೆಯಬೇಡಿ, ಮದ್ದು ನಮ್ಮ ಚರ್ಮದೊಳಕ್ಕೂ ಇಳಿಯುತ್ತದೆ.

ಇನ್ನು ಪೂರೈಕೆದಾರರೆಂಬ ಪುಣ್ಯಾತ್ಮರು. ಕೇಳಿದ್ದು 0.3 ಮಿ.ಲೀ.ನ, ಅರ್ಧ ಯೂನಿಟ್ ಗೆರೆಯಿರುವ ಯು-100 ಸಿರಿಂಜ್. ಬಂದದ್ದು ಯು-40, ಪೆಟ್ಟಿಗೆಯ ಮೇಲೆ ‘ಎಲ್ಲವೂ ಒಂದೇ’ ಎಂಬ ಮುಖಭಾವ. ಒಂದೇ ಅಲ್ಲ! ಯು-40 ಸಿರಿಂಜಿನ ಒಂದು ಯೂನಿಟ್ 0.025 ಮಿ.ಲೀ., ಯು-100ರದ್ದು 0.01. ತಪ್ಪು ಸಿರಿಂಜಿನಲ್ಲಿ ಗ್ಲಾರ್ಜಿನ್ ಎಳೆದರೆ 2 ಯೂನಿಟ್ ಎಂದುಕೊಂಡು 5 ಯೂನಿಟ್ ಚುಚ್ಚಿದಂತೆ. ಇನ್ನೊಂದು ಪಾರ್ಸೆಲ್‌ನಲ್ಲಿ ಇನ್ಸುಲಿನ್ ಐಸ್ ಪ್ಯಾಕಿಗೆ ಅಂಟಿಕೊಂಡೇ ಬಂತು. ಹೆಪ್ಪುಗಟ್ಟಿದ ಗ್ಲಾರ್ಜಿನ್ ಕರಗಿದ ಮೇಲೆ ನೋಡಲು ತಿಳಿಯಾಗಿದ್ದರೂ ಕಸದ ಬುಟ್ಟಿಗೇ ಸೇರಬೇಕು.

ಊಟದಲ್ಲಿ ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಮಧುಮೇಹಕ್ಕೆ ಕಾರ್ಬ್ ಕಡಿಮೆ, ಪ್ರೊಟೀನ್ ಹೆಚ್ಚು. ಕಿಡ್ನಿಗೆ ರಂಜಕ ಕಡಿಮೆ, ಪ್ರೊಟೀನ್ ಮಿತ. ಡಬ್ಬಿಯ ಲೇಬಲ್ ಲೆಕ್ಕ: ಪ್ರೊಟೀನ್ 11, ಕೊಬ್ಬು 5, ನಾರು 0.5, ನೀರು 78, ಬೂದಿ (ಖನಿಜಾಂಶ) 2.5. ನೂರರಿಂದ ಕಳೆದರೆ ಕಾರ್ಬ್ 3. ಪ್ರೊಟೀನ್, ಕಾರ್ಬ್ ತಲಾ 3.5ರಿಂದ, ಕೊಬ್ಬು 8.5ರಿಂದ ಗುಣಿಸಿದರೆ ಒಟ್ಟು 91.5 ಕ್ಯಾಲೊರಿ, ಅದರಲ್ಲಿ ಕಾರ್ಬ್ ಪಾಲು ಶೇ. 11.5. ಶೇ. 12ರ ಗೆರೆಯೊಳಗೆ ಪಾಸು. ಆದರೆ ಹಲವು ಡಬ್ಬಿಗಳಲ್ಲಿ ಬೂದಿಯ ಅಂಕಿಯೇ ಇರುವುದಿಲ್ಲ. ಅದು 2.5ರ ಬದಲು 1.5 ಆಗಿದ್ದರೆ ಕಾರ್ಬ್ ಪಾಲು ಶೇ. 14.7ಕ್ಕೆ ನೆಗೆದು ಅದೇ ಡಬ್ಬಿ ಫೇಲು. ಕಂಪನಿಗೆ ಬರೆದು ಕೇಳಿದರೆ ಬರುವ ಉತ್ತರದಲ್ಲಿ ಬೆಕ್ಕಿನ ಚಿತ್ರ ಇರುತ್ತದೆ, ಬೂದಿ ಇರುವುದಿಲ್ಲ. 3ನೇ ಹಂತದಲ್ಲಿ ರಂಜಕಕ್ಕೇ ಮೊದಲ ಮಣೆ: ರಕ್ತದಲ್ಲಿ 5.0ಕ್ಕಿಂತ ಕೆಳಗಿರಬೇಕು. ಕಡಿಮೆ ಕಾರ್ಬಿನ ಒದ್ದೆ ಊಟದ ಜೊತೆಗೇ ರಂಜಕವನ್ನು ಹಿಡಿದಿಡುವ ಅಲ್ಯುಮಿನಿಯಂ ಹೈಡ್ರಾಕ್ಸೈಡ್, ದಿನಕ್ಕೆ ಕೆ.ಜಿ.ಗೆ 60 ಮಿ.ಗ್ರಾಂ ಲೆಕ್ಕದಲ್ಲಿ ಸುಮಾರು 246 ಮಿ.ಗ್ರಾಂ, ತುತ್ತುಗಳಿಗೆ ಹಂಚಿ ಕಲಸಿ. ಊಟ ಬಿಟ್ಟು ಬೇರೆಯಾಗಿ ಕೊಟ್ಟರೆ ಊಟದ ರಂಜಕ ಅದಕ್ಕೆ ಸಿಗುವುದಿಲ್ಲ. ಮಲಬದ್ಧತೆ ಬಂದರೆ ಮೊದಲ ಗುಮಾನಿ ಇದರ ಮೇಲೇ.

ಹಿಮಟೊಕ್ರಿಟ್‌ನ ಗೊಡವೆಯಿಲ್ಲದ, ಚರ್ಮದಡಿಯ ದ್ರವದಿಂದ ಅಳೆಯುವ ಸೆನ್ಸರ್ ಯಾಕಿಲ್ಲ ಎಂದು ಕೇಳುವವರಿಗೆ: ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಹಳೆಯ ಪ್ರಶ್ನೆಯೇ ಇದು. ಅಂಥ ಸೆನ್ಸರ್ ಲಿಬ್ರೆ 14 ದಿನ ಬಾಳಬೇಕಾದದ್ದು ಐದನೇ ದಿನ ಸೋಫಾದಡಿ ಸಿಕ್ಕಿತು. ಚರ್ಮದಡಿ ಸಲೈನ್ ಕೊಡುವ ಭುಜದ ಬಳಿ ಅಂಟಿಸಿದ್ದರಿಂದ ಸಲೈನ್ ನಂತರದ ಅಂಕಿಗಳೂ ಅಡ್ಡಾದಿಡ್ಡಿ. ಮುಂದಿನ ಸಲ ಪಕ್ಕೆಗೆ, ಕೂದಲು ಬೋಳಿಸಿ, ಸ್ಪಿರಿಟ್ ಪೂರ್ತಿ ಒಣಗಿದ ಮೇಲೆ, ಅಂಚಿಗೆ ನಾಲ್ಕು ಚುಕ್ಕೆ ಟಿಶ್ಯೂ ಗ್ಲೂ.

ಅಷ್ಟರೊಳಗೆ ಮೇಜಿನ ಮೇಲೆ ಇನ್ನೊಂದು ಹರಡಿಕೊಂಡಿದೆ: ಬೆಕ್ಕು ಮಲಮೂತ್ರ ಮಾಡುವ ಮರಳಿನ ತಟ್ಟೆಗೆ ತಕ್ಕಡಿ. 50 ಕೆ.ಜಿ.ಯ ನಾಲ್ಕು ಲೋಡ್ ಸೆಲ್ (ತೂಕದ ಸೆನ್ಸರ್), ಅವುಗಳ ಸಂಕೇತ ಓದುವ ಚಿಪ್ ಒಂದು ಎಚ್‌ಎಕ್ಸ್711, ಲೆಕ್ಕ ಇಡುವ ಪುಟ್ಟ ಕಂಪ್ಯೂಟರ್ ಒಂದು ಇಎಸ್‌ಪಿ32. ಬೆಕ್ಕು ಹತ್ತಿದಾಗ ಅದರ ತೂಕ, ಇಳಿದ ಮೇಲೆ ಉಳಿದದ್ದು ಮೂತ್ರದ ತೂಕ. ಮೂರೂ ಕಾಯಿಲೆ ಉಚ್ಚೆ ಹೆಚ್ಚಿಸುವಂಥವೇ ಆದ್ದರಿಂದ ಯಾರ ಕೈವಾಡವೆಂದು ಇದು ಹೇಳಲಾರದು, ಆದರೆ ನಿನ್ನೆಗಿಂತ ಇಂದು ಬದಲಾಯಿತೇ ಎಂದು ಸೂಜಿಯಿಲ್ಲದೆ ಹೇಳಬಲ್ಲದು. ಸದ್ಯ ಕೋಣೆಯ ಬಿಸಿ ಏರಿಳಿದಂತೆ ಸೊನ್ನೆಯೇ 10 ಗ್ರಾಂ ಅತ್ತಿತ್ತ ಜಾರುತ್ತಿದೆ. ಇಳಿಯುವಾಗ ಬೆಕ್ಕಣ್ಣ ಎರಡು ಹಿಡಿ ಮರಳು ಹೊರಗೆ ಒದ್ದರೆ ಆ ದಿನದ ಮೂತ್ರ ಮೈನಸ್ 30 ಗ್ರಾಂ. ತಟ್ಟೆಯ ಸುತ್ತ ಅಂಚು ಎತ್ತರಿಸಿ, ಬೆಕ್ಕು ಇಳಿದ 20 ಸೆಕೆಂಡಿನ ನಂತರದ ಅಂಕಿಯನ್ನು ಮಾತ್ರ ಬರೆದುಕೊಳ್ಳುವಂತೆ ಕೋಡ್ ತಿದ್ದುವುದು ಬಾಕಿಯಿದೆ.