ಬೇಲಿ ಕಟ್ಟುತ್ತಿದ್ದವ ಪಾರ್ಲಿಮೆಂಟಿಗೆ ಹೋದದ್ದು

ದಾವಣಗೆರೆ ಸೀಮೆಯಲ್ಲಿ ಹೊಲದ ಬದುವಿಗೆ ಕಳ್ಳಿ ನೆಟ್ಟರೆ ಅದರ ಪಾಡಿಗೆ ಅದು ಬೇಲಿಯಾಗುತ್ತದೆ. ಇಂಗ್ಲೆಂಡಿನ ವಾರಿಕ್‌ಷೈರ್‌ನಲ್ಲಿ ಹಾಗಲ್ಲ. ಚಳಿಗಾಲದಲ್ಲಿ ಮುಳ್ಳುಗಿಡದ ಕಾಂಡವನ್ನು ಬುಡದಲ್ಲಿ ಓರೆಯಾಗಿ ಮುಕ್ಕಾಲು ಪಾಲು ಕಡಿದು, ಮಿಕ್ಕ ತೊಗಟೆಪಟ್ಟಿಯ ಮೇಲೆ ಬಗ್ಗಿಸಿ, ಗೂಟಗಳ ನಡುವೆ ಹೆಣೆಯಬೇಕು. ಏಟು ಆಳಕ್ಕೆ ಬಿದ್ದರೆ ಕಾಂಡ ಒಣಗುತ್ತದೆ; ಸಾಲದಿದ್ದರೆ ಬಗ್ಗಿಸುವಾಗ ಸೀಳುತ್ತದೆ.

ಈ ಕಸುಬಿನಲ್ಲಿ ಪಳಗಿದ ಕೈ ಜೋಸೆಫ್ ಆರ್ಚ್‌ನದು. 1826ರಲ್ಲಿ ಬಾರ್‌ಫರ್ಡ್ ಹಳ್ಳಿಯಲ್ಲಿ ಹುಟ್ಟಿದವ, ಪಾರ್ಲಿಮೆಂಟಿಗೆ ಆರಿಸಿಬಂದ ಮೊದಲ ಕೃಷಿ ಕೂಲಿಕಾರ. ಅವನ ರಾಜಕೀಯದ ಬೇರು ಈ ಕಸುಬಿನಲ್ಲೇ ಇದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬೇಲಿ ಕೆಲಸ ಗುತ್ತಿಗೆಯದು, ಒಬ್ಬನೇ ಧಣಿಯ ಹಂಗಿಲ್ಲ. ಮೇಲಾಗಿ ವಾಸದ ಮನೆ ಸ್ವಂತದ್ದು. ಉಳಿದ ಎಷ್ಟೋ ಕೂಲಿಗಳು ಧಣಿ ಕೊಟ್ಟ ಮನೆಯಲ್ಲಿದ್ದರು. ಎದುರು ಮಾತಾಡಿದರೆ ಕೂಲಿಯ ಜೊತೆ ಸೂರೂ ಹೋಗುತ್ತಿತ್ತು. 1872ರ ಫೆಬ್ರವರಿ 7ರ ರಾತ್ರಿ ವೆಲ್ಸ್‌ಬರ್ನ್‌ನ ಚೆಸ್ಟ್‌ನಟ್ ಮರದಡಿ ಸ್ಟೂಲ್ ಹತ್ತಿ ಮಾತಾಡಲು ಆರ್ಚ್‌ಗೆ ಆ ಭಯವಿರಲಿಲ್ಲ. ಅಲ್ಲಿಂದಲೇ ಕೃಷಿ ಕೂಲಿಕಾರರ ಸಂಘ ಬೆಳೆಯಿತು.

ಸಂಘವೊಂದೇ ಸಾಲದು, ಓಟು ಬೇಕಲ್ಲ. 1872ರಲ್ಲಿ ಗುಪ್ತ ಮತದಾನ ಬಂತು. 1884ರ ಕಾಯ್ದೆ ಹಳ್ಳಿಯ ಮನೆ ಯಜಮಾನರಿಗೂ ಓಟು ಕೊಟ್ಟಿತು. ಹೆಂಗಸರಿಗಿಲ್ಲ. ಒಂದು ವರ್ಷ ಅಲ್ಲೇ ವಾಸವಿರಬೇಕು, ಹಾಗಾಗಿ ಕೂಲಿಗೆ ಗುಳೆ ಹೋದವನ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತಿತ್ತು.

1885ರಲ್ಲಿ ವಾಯವ್ಯ ನಾರ್ಫೋಕ್‌ನಿಂದ ಆರ್ಚ್ 640 ಓಟಿನ ಅಂತರದಲ್ಲಿ ಗೆದ್ದ. ಮರುವರ್ಷ ಐರ್ಲೆಂಡಿನ ಸ್ವಯಮಾಡಳಿತದ ವಿಷಯದಲ್ಲಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ಜೊತೆ ನಿಂತು, ಬರೀ 20 ಓಟಿನಲ್ಲಿ ಸೋತ! 1892ರಲ್ಲಿ ಮತ್ತೆ ಗೆದ್ದು 1900ರವರೆಗೆ ಉಳಿದ.

ಕಷ್ಟವೆಲ್ಲ ದುಡ್ಡಿನದು. ಚುನಾವಣಾಧಿಕಾರಿಯ ಖರ್ಚನ್ನು ಉಮೇದುವಾರರೇ ಹಂಚಿಕೊಂಡು ಭರಿಸಬೇಕಿತ್ತು. ಸದಸ್ಯರಿಗೆ ಸಂಬಳ, ವರ್ಷಕ್ಕೆ 400 ಪೌಂಡು, ಶುರುವಾದದ್ದು 1911ರಲ್ಲಿ. ಅಷ್ಟರಲ್ಲಿ ಆರ್ಚ್ ಪಾರ್ಲಿಮೆಂಟು ಬಿಟ್ಟು ಹನ್ನೊಂದು ವರ್ಷವಾಗಿತ್ತು.

ನಮ್ಮ ಕಡೆ ಅದೇ ಕಾಲಕ್ಕೆ, 1881ರಲ್ಲಿ, ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುಮಾಡಿದರು. ಚಿತ್ರದುರ್ಗ ಜಿಲ್ಲೆಯ ತಾಲ್ಲೂಕುಗಳ ರೈತರೂ ದಸರೆಯ ಹೊತ್ತಿಗೆ ಹೋಗಿ ಕಂದಾಯ, ಕೆರೆಯಂಥ ಅಹವಾಲು ಹೇಳಬಹುದಿತ್ತು. ಕಾನೂನು ಮಾಡುವ ಅಧಿಕಾರವಿರಲಿಲ್ಲ. 1891ರಲ್ಲಿ ಚುನಾವಣೆ ಬಂದಾಗಲೂ ಆಸ್ತಿಯ ಅರ್ಹತೆ ಇಟ್ಟರು. ಜಮೀನಿಲ್ಲದೆ ಪರರ ಹೊಲದಲ್ಲಿ ಕಳೆ ಕೀಳುತ್ತಿದ್ದವನ ಹೆಸರು ಆ ಪಟ್ಟಿಗೆ ಏರಲೇ ಇಲ್ಲ.